ಕಲಬುರಗಿ, ಬೀದರ್, ಯಾದಗಿರಿಯ ಹೊಸ ಕತೆ–ಕಾದಂಬರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಮೂರು ಜಿಲ್ಲೆಗಳ ಹೊಸ ಬರಹಗಾರರ ಪುಸ್ತಕ ಓದಿ ಮಾತಾಡುವ ಸಣ್ಣ ಕೂಟ ನಮ್ಮದು. ಸೇರುವುದು ಕಲಬುರಗಿಯಲ್ಲಿ. ಓದುವುದಕ್ಕೆ ಬರುವವರೂ ಕೇಳುತ್ತಾರೆ, ಬರೆದದ್ದನ್ನು ಕೈಯಲ್ಲಿ ಹಿಡಿದು ಬರುವವರೂ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ.

ಈ ಭಾಗದ ಕತೆ ಅಂದರೆ ಬರ, ಬಡತನ, ಗುಳೆ. ಇಷ್ಟೇ ಅಲ್ವಾ?

ಅಲ್ಲ. ಆದರೆ ಹಾಗೆ ಅನ್ನಿಸುವುದಕ್ಕೆ ಕಾರಣ ಇದೆ. ಇಲ್ಲಿಂದ ಹೊರಗೆ ದೊಡ್ಡ ಹೆಸರು ಮಾಡಿದ ಕಾದಂಬರಿಗಳು ಅಂಥ ಬದುಕಿನವೇ. ಕಲಬುರಗಿಯ ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಬೇರೆಯವರು ಕಣ್ಣೆತ್ತಿ ನೋಡದ ಕೇರಿಯ ಹೆಂಗಸರನ್ನು ಅವರು ಕತೆಯ ನಡುವೆ ತಂದು ಕೂರಿಸಿದರು.

ತೊಂದರೆ ಶುರುವಾಗಿದ್ದು ಆಮೇಲೆ. ‘ಆ ಕಡೆಯವರು ಬರೆದರೆ ಹೀಗೇ ಬರೆಯಬೇಕು’ ಅನ್ನೋ ಅಚ್ಚು ತಯಾರಾಯಿತು. ಯಾದಗಿರಿಯ ಹುಡುಗಿಯೊಬ್ಬಳು ಮಂಗಳ ಗ್ರಹದ ಕತೆ ಬರೆದು ತಂದರೆ, ‘ಚೆನ್ನಾಗಿದೆ, ಆದರೆ ನಿಮ್ಮ ಊರಿನ ನೋವು ಬರೆಯಮ್ಮ’ ಅಂತ ಹಿರಿಯರು ಬುದ್ಧಿ ಹೇಳುತ್ತಾರೆ. ನೋವು ಬರೆಯಬಾರದು ಅಂತ ನಾವು ಹೇಳುತ್ತಿಲ್ಲ. ಶಿವಮೊಗ್ಗದ ಹುಡುಗಿಗೆ ಯಾರೂ ಹೀಗೆ ಹೇಳುವುದಿಲ್ಲ, ಅಷ್ಟೇ.

ಹಾಗಾಗಿ ನಮ್ಮ ಕೂಟದ ಕಪಾಟಿನಲ್ಲಿ ‘ಕಲ್ಯಾಣ ಕರ್ನಾಟಕ’ ಅನ್ನೋ ಖಾನೆಯೇ ಇಲ್ಲ. ಪತ್ತೇದಾರಿ ಪುಸ್ತಕ ಪತ್ತೇದಾರಿಯ ಜೊತೆ ಇರುತ್ತದೆ, ದೆವ್ವದ ಕತೆ ದೆವ್ವದ ಜೊತೆ.

ಯಾವ ಯಾವ ಬಗೆಯ ಬರಹ ಬರುತ್ತಿದೆ?

ಸಣ್ಣಕತೆಯೇ ಇನ್ನೂ ಜಾಸ್ತಿ. ಬರೆಯುವವರಲ್ಲಿ ಶಾಲೆ ಮಾಸ್ತರು, ಕಾಲೇಜಿನವರು, ಕಚೇರಿಯವರು ಹೆಚ್ಚು. ಕಾದಂಬರಿಗೆ ಬೇಕಾದಷ್ಟು ಪುರುಸೊತ್ತು ಅವರಿಗೆ ರಜೆಯಲ್ಲಿ ಮಾತ್ರ. ಚಾರಿತ್ರಿಕ ಕಾದಂಬರಿಗೆ ಮೊದಲಿಂದಲೂ ಓದುಗರಿದ್ದಾರೆ. ಪತ್ತೇದಾರಿ ಮತ್ತು ಪ್ರೇಮಕತೆಯ ಧಾರಾವಾಹಿಗಳು ಫೋನಿನಲ್ಲಿ ಓಡುತ್ತಿವೆ. ವಿಜ್ಞಾನ ಕತೆ ಬಹಳ ಕಮ್ಮಿ. ಮಕ್ಕಳಿಗೆ ಬರೆಯುವವರು ಇದ್ದಾರೆ, ಆದರೆ ಹದಿಮೂರು, ಹದಿನಾಲ್ಕು ವರ್ಷದವರಿಗೆ ಅಂತ ಬರೆಯುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಆ ಖಾನೆ ಖಾಲಿ ಬಿದ್ದಿದೆ. ಯಾರಾದರೂ ಕೈಹಾಕಿ.

ಹೊಸ ಲೇಖಕರ ಹೆಸರಿನ ಪಟ್ಟಿ ಕೊಡಿ.

ಕೊಡುವುದಿಲ್ಲ. ಪಟ್ಟಿ ಹಾಕಿದ ದಿನವೇ ಬಿಟ್ಟುಹೋದವರ ಫೋನ್ ಬರುತ್ತದೆ, ಮರುದಿನ ಅವರ ಶಿಷ್ಯರ ಫೋನ್. ಕೂಟಕ್ಕೆ ಬನ್ನಿ, ನಿಮಗೆ ಯಾವ ಬಗೆ ಇಷ್ಟ ಅಂತ ಹೇಳಿ, ಒಂದು ಪುಸ್ತಕ ಕೈಗೆ ಕೊಡುತ್ತೇವೆ. ಹಿಡಿಸದಿದ್ದರೆ ಇನ್ನೊಂದು.

ನಾನು ಮೈಸೂರಿನವನು. ಭಾಷೆ ಅರ್ಥ ಆಗುತ್ತಾ?

ಮೊದಲ ಹತ್ತು ಪುಟ ಕಷ್ಟ. ಆಮೇಲೆ ಆಗುತ್ತದೆ. ಹೆಚ್ಚಿನವರು ನಿರೂಪಣೆಯನ್ನು ಶಿಷ್ಟ ಕನ್ನಡದಲ್ಲಿ ಇಟ್ಟು, ಮಾತುಕತೆಯನ್ನು ಮಾತ್ರ ಊರಿನ ನುಡಿಯಲ್ಲಿ ಬರೆಯುತ್ತಾರೆ. ಗೊತ್ತಿಲ್ಲದ ಮಾತು ಬಂದರೆ ಜೋರಾಗಿ ಓದಿ. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ.

ಒಂದು ಗಮನಿಸಿ. ಸಿನಿಮಾ, ಟಿವಿಯಲ್ಲಿ ‘ಉತ್ತರ ಕರ್ನಾಟಕದ ಭಾಷೆ’ ಅಂತ ಕೇಳುವುದು ಬಹುತೇಕ ಧಾರವಾಡದ ಕಡೆಯದು. ಇಲ್ಲಿಯದು ಬೇರೆ. ಹೈದರಾಬಾದ್ ನಿಜಾಮನ ಆಡಳಿತದ ಉರ್ದು, ಮನೆ ಬೀದಿಯ ಆಡುಮಾತಿನ ಉರ್ದುವಾದ ದಖನಿ, ಬೀದರಿನ ಗಡಿಗೆ ಹತ್ತಿದ ಮರಾಠಿ, ತೆಲುಗು ಎಲ್ಲ ಇದರಲ್ಲಿ ಸೇರಿವೆ. ಒಳ್ಳೆ ಕತೆಗಾರ ಬೀದರಿನ ವ್ಯಾಪಾರಿಯನ್ನೂ ಯಾದಗಿರಿ ಜಿಲ್ಲೆಯ ಸುರಪುರದ ರೈತನನ್ನೂ ಒಂದೇ ಥರ ಮಾತಾಡಿಸುವುದಿಲ್ಲ. ಹಾಗೆ ಮಾತಾಡಿಸಿದರೆ ಲೇಖಕ ಊರು ಸುತ್ತಿಲ್ಲ ಅಂತ ಇಲ್ಲಿಯ ಓದುಗರಿಗೆ ಎರಡನೇ ಪುಟದಲ್ಲೇ ಗೊತ್ತಾಗುತ್ತದೆ.

ಚಾರಿತ್ರಿಕ ಕಾದಂಬರಿ ಅಂದರೆ ರಜಾಕಾರರ ಕತೆ ಮಾತ್ರನಾ?

ಜಾಸ್ತಿ ಅದೇ. ಆಶ್ಚರ್ಯ ಏನಿಲ್ಲ. 1947ರ ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಈ ಜಿಲ್ಲೆಗಳಿಗೆ ಬರಲಿಲ್ಲ. ಇವು ಸೇರಿದ್ದ ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಆಕ್ಷನ್, ಅಂದರೆ ಭಾರತದ ಸೇನಾ ಕಾರ್ಯಾಚರಣೆ, ಆಗಿದ್ದು 1948ರ ಸೆಪ್ಟೆಂಬರಿನಲ್ಲಿ, ನಿಜಾಮ ಶರಣಾಗಿದ್ದು 17ರಂದು. ಅದೇ ವರ್ಷ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು, ಅಂದರೆ ನಿಜಾಮನ ಪರದ ಸಶಸ್ತ್ರ ಪಡೆಯವರು, ನಡೆಸಿದ ಕೊಲೆಗಳ ಮಾತು ಇವತ್ತಿಗೂ ಮನೆಮನೆಯಲ್ಲಿ ಇದೆ. ಇಂಥ ನೆನಪು ಇದ್ದ ಕಡೆ ಕಾದಂಬರಿ ಹುಟ್ಟದೆ ಇರುತ್ತದಾ?

ಆದರೆ ಬಹಳಷ್ಟು ಪುಸ್ತಕಗಳು 17ಕ್ಕೆ ಬಾವುಟ ಹಾರಿಸಿ ಮುಗಿದುಬಿಡುತ್ತವೆ. ಬರೆಯುವುದಕ್ಕೆ ಕಷ್ಟದ ಅಧ್ಯಾಯ ಶುರುವಾಗುವುದು 18ರಿಂದ. ಆಮೇಲೆ ನಡೆದ ಸೇಡಿನಲ್ಲಿ ಎಷ್ಟೋ ಮುಸ್ಲಿಂ ಕುಟುಂಬಗಳು ನಾಶವಾದವು. ಕೇಂದ್ರ ಸರ್ಕಾರವೇ ಪಂಡಿತ್ ಸುಂದರಲಾಲ್ ಅವರ ನೇತೃತ್ವದಲ್ಲಿ ಒಂದು ತಂಡ ಕಳಿಸಿತ್ತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಇವೆ ಅಂತ ಅವರ ವರದಿ ಹೇಳಿತು. ಆ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ಎರಡೂ ಕಡೆಯ ಹೆಣ ಎಣಿಸುವ ಕಾದಂಬರಿಗೆ ಧೈರ್ಯ ಬೇಕು. ಹೊಸಬರಲ್ಲಿ ಕೆಲವರು ಅದಕ್ಕೆ ಕೈ ಹಾಕುತ್ತಿದ್ದಾರೆ. ನನ್ನ ಮಟ್ಟಿಗೆ ಈಗ ಓದಬೇಕಾದ ಚಾರಿತ್ರಿಕ ಬರಹ ಅದೇ.

ಅದನ್ನು ಬಿಟ್ಟರೆ ಬೇರೆ ವಸ್ತು ಇಲ್ಲವಾ?

ರಾಶಿ ಇದೆ. ಬೀದರಿನ ಮದರಸಾವನ್ನು ಎಲ್ಲರೂ ಫೋಟೊದಲ್ಲಿ ನೋಡಿರುತ್ತಾರೆ. 1472ರಲ್ಲಿ ಅದನ್ನು ಕಟ್ಟಿಸಿದ ಮಹಮೂದ್ ಗವಾನ್ ಬಹಮನಿ ರಾಜ್ಯದ ಮಂತ್ರಿ. ಅವನ ಮುದ್ರೆ ಕಾಯುವವನಿಗೆ ವಿರೋಧಿಗಳು ಕುಡಿಸಿ, ಖಾಲಿ ಹಾಳೆಗೆ ಮುದ್ರೆ ಒತ್ತಿಸಿಕೊಂಡರು. ಶತ್ರು ರಾಜನಿಗೆ ಗವಾನನೇ ಬರೆದ ಹಾಗೆ ಅದರ ಮೇಲೆ ಪತ್ರ ಬರೆದು ಸುಲ್ತಾನನ ಮುಂದೆ ಇಟ್ಟರು. 1481ರಲ್ಲಿ ಗವಾನನ ತಲೆ ಹೋಯಿತು. ಪತ್ರ ಖೋಟಾ ಅಂತ ಸುಲ್ತಾನನಿಗೆ ಆಮೇಲೆ ಗೊತ್ತಾಯಿತು. ರಾಜಕೀಯ ಥ್ರಿಲ್ಲರ್ ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಸುರಪುರಕ್ಕೆ ಬನ್ನಿ. 1857–58ರ ಬಂಡಾಯದಲ್ಲಿ ಬ್ರಿಟಿಷರಿಗೆ ಎದುರು ನಿಂತ ರಾಜಾ ವೆಂಕಟಪ್ಪ ನಾಯಕ. ಅವನು ಹುಡುಗನಾಗಿದ್ದಾಗ ಸಂಸ್ಥಾನ ನೋಡಿಕೊಂಡ ಅಧಿಕಾರಿ ಮೆಡೋಸ್ ಟೇಲರ್. ಟೇಲರನ ಬಂಗಲೆ ಇನ್ನೂ ಗುಡ್ಡದ ಮೇಲಿದೆ. ಅವನು ಸ್ವತಃ ಕಾದಂಬರಿಕಾರ, ಆತ್ಮಕತೆಯಲ್ಲೂ ಸುರಪುರದ ಬಗ್ಗೆ ಬರೆದಿದ್ದಾನೆ. ಅಂದರೆ ಈ ಕತೆಯನ್ನು ಸಾಕಿದವನ ಕಡೆಯಿಂದ ಹೇಳಿ ಆಗಿದೆ. ಹುಡುಗನ ಕಡೆಯಿಂದ ಹೇಳುವುದು ಬಾಕಿ.

ಮಳಖೇಡ ಇದೆ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಅವನದೇ ಉಬ್ಬುಶಿಲ್ಪ ಸಿಕ್ಕಿದೆ. ಬಸವಕಲ್ಯಾಣವನ್ನು ಮಾತ್ರ ಸುಮ್ನೆ ಮುಟ್ಟಬೇಡಿ. ಶರಣರ ಬಗ್ಗೆ ಬರೆಯುವ ಮುಂಚೆ ವಚನ ಓದಿರಬೇಕು, ವಾಟ್ಸ್‌ಆ್ಯಪ್ ಸಾಲದು.

ಪತ್ತೇದಾರಿ ಕತೆ ನಮ್ಮ ಊರಲ್ಲಿ ಇಟ್ಟರೆ ನಂಬುತ್ತಾರಾ?

ಯಾಕೆ ನಂಬಲ್ಲ? ಕೊಲೆ ಆಗುವುದಕ್ಕೆ ಲಂಡನ್ನೇ ಬೇಕಾ? ಆದರೆ ಊರಿನ ಹೆಸರು ಬದಲಿಸಿದರೆ ಸಾಲುವುದಿಲ್ಲ, ಊರಿನ ವ್ಯವಸ್ಥೆ ಗೊತ್ತಿರಬೇಕು. ನಾವು ಓದಿದ ಹಸ್ತಪ್ರತಿಗಳಲ್ಲಿ ಪದೇ ಪದೇ ಎಡವುವ ಜಾಗ ಕಾನೂನು.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕತೆ ಆ ದಿನದ ನಂತರದ್ದಾದರೆ ಇನ್‌ಸ್ಪೆಕ್ಟರ್ ‘302 ಹಾಕ್ರಿ’ ಅನ್ನುವಂತಿಲ್ಲ. ಕೊಲೆಗೆ ಈಗ 103. ಎಫ್‌ಐಆರ್ ಹಳೆಯ 154ರ ಬದಲು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ರಲ್ಲಿ ಬರುತ್ತದೆ. ಕತೆ 2015ರದ್ದಾದರೆ ಹಳೆಯದೇ ಸರಿ. ಇಷ್ಟು ವರ್ಷದ ಅಭ್ಯಾಸ ಇರುವ ಪೇದೆ ಬಾಯಿತಪ್ಪಿ 302 ಅಂದು, ಸಾಹೇಬರು ತಿದ್ದಿದರೆ ಕತೆಗೆ ಜೀವ ಬರುತ್ತದೆ.

ಆಮೇಲೆ ಗಡಿ. ಬೀದರಿನ ಕೆಲವು ಹಳ್ಳಿಗಳಿಂದ ಹತ್ತು ನಿಮಿಷ ಬೈಕ್ ಓಡಿಸಿದರೆ ಬೇರೆ ರಾಜ್ಯ. ಕೊಲೆಗಾರ ಮಹಾರಾಷ್ಟ್ರದವನು, ಹೆಣ ಕರ್ನಾಟಕದಲ್ಲಿ, ಬೈಕು ತೆಲಂಗಾಣದ್ದು. ದೂರು ಯಾರು ತಗೋಬೇಕು? ಯಾವ ಠಾಣೆಯಲ್ಲಿ ಬೇಕಾದರೂ ಜೀರೋ ಎಫ್‌ಐಆರ್ ಆಗುತ್ತದೆ. ಅಲ್ಲಿಂದ ಫೈಲು ಊರೂರು ಅಲೆಯುವುದೇ ಒಂದು ಅಧ್ಯಾಯ. ವಾಡಿ ಜಂಕ್ಷನ್ ಪ್ಲಾಟ್‌ಫಾರ್ಮಿನಲ್ಲಿ ಹೆಣ ಬಿದ್ದರೆ ಊರ ಪೊಲೀಸರಲ್ಲ, ರೈಲ್ವೆ ಪೊಲೀಸರು ಬರಬೇಕು. ಕೇಸು ಹೈಕೋರ್ಟಿಗೆ ಹೋದರೆ ಬೆಂಗಳೂರಿಗೆ ಓಡಿಸಬೇಡಿ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಪೀಠ ಕಲಬುರಗಿಯಲ್ಲೇ ಇದೆ.

ಇಷ್ಟು ಗೊತ್ತಿದ್ದರೆ ಸಾಕು, ಪತ್ತೇದಾರನಿಗೆ ಓವರ್‌ಕೋಟು ಬೇಡ. ಮೇ ತಿಂಗಳಲ್ಲಿ ಓವರ್‌ಕೋಟು ಹಾಕಿದರೆ ಅವನೇ ಮೊದಲ ಹೆಣ.

ಇಲ್ಲಿ ವಿಜ್ಞಾನ ಕತೆ ಬರೆಯುವುದಕ್ಕೆ ಏನಿದೆ?

ಬಿಸಿಲು. ನಾಳೆಯ ಜಗತ್ತು ಸುಡುತ್ತದೆ ಅಂತ ಬೇರೆಯವರು ಕಲ್ಪಿಸಿಕೊಂಡು ಬರೆಯಬೇಕು. ಇಲ್ಲಿ ಪ್ರತಿ ಬೇಸಿಗೆ ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ಕಾಲಿಟ್ಟರೆ ಸಾಕು. ಬೀದರಿನಲ್ಲಿ ನೆಲದ ಕೆಳಗೆ ಬಹಮನಿ ಕಾಲದ ಕರೇಜ್ ಇದೆ, ಸಾಲು ಬಾವಿಗಳನ್ನು ಸುರಂಗದಲ್ಲಿ ಜೋಡಿಸಿ ನೀರು ತರುವ ವ್ಯವಸ್ಥೆ. ಮೇಲೆ ವಾಯುಪಡೆಯ ತರಬೇತಿ ವಿಮಾನಗಳು ಹಾರುತ್ತಿರುತ್ತವೆ. ಆರು ನೂರು ವರ್ಷದ ನೀರಿನ ಸುರಂಗ ಕೆಳಗೆ, ಜೆಟ್ ಮೇಲೆ, ನಡುವೆ ಕೊಡ ಹಿಡಿದು ನಿಂತ ಹುಡುಗ. ಕತೆ ಅಲ್ಲೇ ಇದೆ.

ಕಲಬುರಗಿಯ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಬೀಜ ಯಾರದ್ದು, ನೆಲ ಯಾರದ್ದು, ಮುಂದೆ ಬೀಜಕ್ಕೂ ಪಾಸ್‌ವರ್ಡ್ ಬಂದರೆ ಏನು ಅಂತ ಯಾರಾದರೂ ಬರೆದರೆ ನಾನು ಮೊದಲ ಗಿರಾಕಿ.

ದೆವ್ವದ ಕತೆ?

ಇದೆ, ಬೇಕಾದಷ್ಟು. ಕೋಟೆ, ಗುಂಬಜ್, ಪಾಳುಬಾವಿ ಎಲ್ಲ ಸವೆದುಹೋಗಿವೆ. ಹೊಸ ಲೇಔಟಿನಲ್ಲಿ, ಇಎಂಐ ಮನೆಯಲ್ಲಿ ದೆವ್ವ ಬಂದರೆ ಹೇಳಿ.

ಫೋನಿನಲ್ಲಿ ಬರುವ ಪ್ರೇಮಕತೆಗಳನ್ನು ಸಾಹಿತ್ಯ ಅನ್ನಬಹುದಾ?

ಓದುತ್ತಾರೆ, ಅಳುತ್ತಾರೆ, ಮುಂದಿನ ಕಂತು ಯಾವಾಗ ಅಂತ ಬೈಯುತ್ತಾರೆ. ಇನ್ನೇನು ಬೇಕು? ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಬರೆಯುವವರಲ್ಲಿ ಹೆಂಗಸರು ತುಂಬಾ. ಸಭೆಯ ವೇದಿಕೆ ಮೇಲೆ ಕುರ್ಚಿ ಸಿಗದವರು ಅಲ್ಲಿ ಸಾವಿರಾರು ಓದುಗರನ್ನು ಗಳಿಸಿದ್ದಾರೆ. ಕಂತು ಎಳೆಯುವ ಚಟ ಮಾತ್ರ ಇದೆ. ನಲವತ್ತು ಕಂತಿನದ್ದು ಪುಸ್ತಕವಾಗುವಾಗ ಅರ್ಧಕ್ಕೆ ಇಳಿಸಬೇಕು. ಅತ್ತೆ ಬಾಗಿಲು ತೆರೆಯುವುದಕ್ಕೆ ಮೂರು ಕಂತು ಬೇಡ.

ಹಾಸ್ಯ ಬರೆಯುವವರು ಯಾಕೆ ಕಮ್ಮಿ?

ಮಾತಿನಲ್ಲಿ ಕಮ್ಮಿ ಇಲ್ಲ, ಬರಹದಲ್ಲಿ ಕಮ್ಮಿ. ಇಲ್ಲಿಯ ಹಾಸ್ಯ ವೇದಿಕೆಗೆ, ಕಟ್ಟೆಗೆ ಹೋಗಿಬಿಟ್ಟಿದೆ. ಆದರೆ ಉರ್ದುವಿನ ದೊಡ್ಡ ಹಾಸ್ಯ ಬರಹಗಾರ, 2007ರಲ್ಲಿ ಪದ್ಮಶ್ರೀ ಪಡೆದ ಮುಜ್ತಬಾ ಹುಸೇನ್ ಕಲಬುರಗಿ ಜಿಲ್ಲೆಯವರೇ. ಅವರನ್ನು ಓದದೆ ‘ನಮ್ಮಲ್ಲಿ ಹಾಸ್ಯ ಇಲ್ಲ’ ಅನ್ನುವುದು ಅನ್ಯಾಯ. ಒಂದೇ ಓಣಿಯಲ್ಲಿ ಕನ್ನಡದ ಕತೆಗಾರ, ಉರ್ದುವಿನ ಕತೆಗಾರ ಇಬ್ಬರೂ ಇರುತ್ತಾರೆ. ಒಬ್ಬರದನ್ನು ಇನ್ನೊಬ್ಬರು ಓದಿರುವುದಿಲ್ಲ. ಎರಡೂ ಓದಬಲ್ಲವರು ಅನುವಾದಕ್ಕೆ ಕೂತರೆ ಎರಡೂ ಕಡೆ ಪುಣ್ಯ.

ಪುಸ್ತಕ ಎಲ್ಲಿ ಸಿಗುತ್ತವೆ?

ಇದೇ ದೊಡ್ಡ ಗೋಳು. ಕಲಬುರಗಿಯಲ್ಲೇ ಅಚ್ಚಾದ ಪುಸ್ತಕ ಯಾದಗಿರಿಯಲ್ಲಿ ಸಿಗುವುದಿಲ್ಲ. ಸಿದ್ಧಲಿಂಗೇಶ್ವರ ಪ್ರಕಾಶನದಂಥ ಊರಿನ ಪ್ರಕಾಶಕರ ಮಳಿಗೆಯಲ್ಲಿ ಮೊದಲು ಕೇಳಿ. ಕಲಬುರಗಿಯ ‘ಸೂಪರ್ ಮಾರ್ಕೆಟ್’ ಪ್ರದೇಶದ ಅಂಗಡಿಗಳಲ್ಲಿ ಮುಂದೆ ಇಟ್ಟಿರುವುದು ಪಠ್ಯಪುಸ್ತಕ, ಸ್ಪರ್ಧಾ ಪರೀಕ್ಷೆಯ ಗೈಡು. ಕತೆ ಪುಸ್ತಕ ಒಳಗಿನ ಕಪಾಟಿನಲ್ಲಿ ಇರುತ್ತದೆ, ಬಾಯಿಬಿಟ್ಟು ಕೇಳಬೇಕು. ಇ-ಬುಕ್, ಆಡಿಯೊ ಬೇಕಿದ್ದರೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಹುಡುಕಿ. ಸಾಹಿತ್ಯ ಪರಿಷತ್ತಿನ ಜಿಲ್ಲಾ, ತಾಲೂಕು ಸಮ್ಮೇಳನಗಳಲ್ಲಿ ಲೇಖಕರೇ ಚೀಲ ಹೊತ್ತು ಬಂದಿರುತ್ತಾರೆ.

ಕಾಸು ಕೊಡುವುದಕ್ಕೆ ಆಗದವರು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ಇದೆ. ಬೇಕಾದ ಪುಸ್ತಕದ ಹೆಸರು ಬರೆದು ಕೊಡಿ. ಯಾರೂ ಕೇಳದಿದ್ದರೆ ಅವರಾದರೂ ಏನು ತರಿಸಬೇಕು?

ನಾನೊಂದು ಕತೆ ಬರೆದಿದ್ದೇನೆ. ಎಲ್ಲಿಗೆ ಕಳಿಸಲಿ?

‘ಮಯೂರ’, ‘ತುಷಾರ’, ‘ಸುಧಾ’, ‘ತರಂಗ’ ಇವೆ, ದಿನಪತ್ರಿಕೆಗಳ ಭಾನುವಾರದ ಪುರವಣಿ ಇವೆ. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಗೆ ಇಡೀ ರಾಜ್ಯ ಕಾಯುತ್ತದೆ. ಊರಿನ ಹತ್ತಿರದ್ದು ಬೇಕಾ? ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗ ರಾಜ್ಯೋತ್ಸವದ ಹೊತ್ತಿಗೆ ಪುಸ್ತಕಕ್ಕೂ ಬಹುಮಾನ ಕೊಡುತ್ತದೆ, ಕಥಾಸ್ಪರ್ಧೆಯನ್ನೂ ನಡೆಸುತ್ತದೆ. ಒಂದು ಸಂಕಲನಕ್ಕೆ ಆಗುವಷ್ಟು ಕತೆ ಇದ್ದರೆ ಛಂದ ಪುಸ್ತಕದವರ ಹಸ್ತಪ್ರತಿ ಬಹುಮಾನ ನೋಡಿ. ಒಂದೇ ಕತೆಯನ್ನು ನಾಲ್ಕು ಕಡೆ ಒಟ್ಟಿಗೆ ಕಳಿಸಬೇಡಿ. ಎರಡು ಕಡೆ ಅಚ್ಚಾದರೆ ಎರಡೂ ಬಾಗಿಲು ಮುಚ್ಚುತ್ತವೆ.

‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೇನೆ. ಸಾಕಾ?

ಹಳೆಯ ನುಡಿ, ಶ್ರೀಲಿಪಿ ಫೈಲು ಬೇರೆಯವರ ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರಲಿಪಿ ಕಾಣುತ್ತದೆ. ಯುನಿಕೋಡ್‌ಗೆ ಬದಲಿಸಿ, ಜೊತೆಗೆ ಪಿಡಿಎಫ್ ಇಡಿ. ಬದಲಿಸಿದ ಮೇಲೆ ಒಂದು ಸಲ ಓದಿ. ಒತ್ತಕ್ಷರ, ಅರ್ಕಾವೊತ್ತು ಜಾಗ ತಪ್ಪಿರುತ್ತವೆ.

ಪ್ರಕಾಶಕರು ದುಡ್ಡು ಕೇಳುತ್ತಿದ್ದಾರೆ. ಕೊಡಬೇಕಾ?

ಮೊದಲ ಪುಸ್ತಕಕ್ಕೆ ಕೇಳುವವರು ಬಹಳ. ಕೊಡುವುದು ಬಿಡುವುದು ನಿಮ್ಮ ಇಷ್ಟ. ಆದರೆ ಕೊಡುವ ಮುಂಚೆ ಕಾಗದದ ಮೇಲೆ ಬರೆಸಿಕೊಳ್ಳಿ: ಎಷ್ಟು ಪ್ರತಿ, ನಿಮಗೆ ಎಷ್ಟು, ಉಳಿದದ್ದು ಯಾರು ಮಾರುತ್ತಾರೆ, ಮಾರಿದ ದುಡ್ಡು ಯಾರಿಗೆ, ಮರುಮುದ್ರಣದ ಹಕ್ಕು ಯಾರದ್ದು. ‘ಅದೆಲ್ಲ ನಂಬಿಕೆ ಮೇಲೆ’ ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

‘ಲೈಬ್ರರಿಗೆ ಹೋಗುತ್ತೆ, ದುಡ್ಡು ವಾಪಸ್ ಬರುತ್ತೆ’ ಅನ್ನೋ ಮಾತೂ ಬರುತ್ತದೆ. ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಪುಸ್ತಕ ಕೊಳ್ಳುವುದು ನಿಜ. ಎಲ್ಲ ಪುಸ್ತಕ ಆಯ್ಕೆ ಆಗುವುದಿಲ್ಲ, ಆಯ್ಕೆ ಆದರೂ ದುಡ್ಡು ಬರುವುದಕ್ಕೆ ವರ್ಷಗಟ್ಟಲೆ ಹಿಡಿಯಬಹುದು. ಆ ಲೆಕ್ಕ ನಂಬಿ ಸಾಲ ಮಾಡಬೇಡಿ. ವಯಸ್ಸು ಚಿಕ್ಕದಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಪ್ರಕಟಣೆ ಬಂದಾಗ ಅರ್ಜಿ ಹಾಕಿ.

ಐಎಸ್‌ಬಿಎನ್, ಕಾಪಿರೈಟ್?

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ನಮ್ಮ ದೇಶದಲ್ಲಿ ಶುಲ್ಕ ಇಲ್ಲ. ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಏಜೆನ್ಸಿಯಿಂದ ಆನ್‌ಲೈನಲ್ಲೇ ಪಡೆಯಬಹುದು. ಅದಕ್ಕೆ ಅಂತ ಸಾವಿರಾರು ರೂಪಾಯಿ ಕೇಳಿದರೆ ಯಾಕೆ ಅಂತ ಕೇಳಿ. ಕಾಪಿರೈಟ್ ನೀವು ಬರೆದ ಕ್ಷಣದಿಂದ ನಿಮ್ಮದು. ನಿಮ್ಮ ನಂತರವೂ 60 ವರ್ಷ ನಿಮ್ಮ ವಾರಸುದಾರರದ್ದು.

ಊರವರನ್ನೇ ಕತೆಯಲ್ಲಿ ತಂದಿದ್ದೇನೆ. ಜಗಳ ಆಗುತ್ತಾ?

ಹೆಸರು ಬದಲಿಸಿದರೂ ಆಗುತ್ತದೆ. ಗೌಡರ ಮೀಸೆ, ಕುಂಟು ಕಾಲು, ಎರಡನೇ ಹೆಂಡತಿ ಎಲ್ಲ ಹಾಗೇ ಇಟ್ಟು ಹೆಸರು ಮಾತ್ರ ತೆಗೆದರೆ ಏನು ಪ್ರಯೋಜನ? ಮೂರು ಜನರನ್ನು ಕಲಸಿ ಒಬ್ಬರನ್ನು ಮಾಡಿ. ಹಾಗೆ ಮಾಡಿದರೆ ಪಾತ್ರವೂ ಚೆನ್ನಾಗಿ ಬರುತ್ತದೆ, ಊರಿಗೂ ಹೋಗಬಹುದು.

ಮುನ್ನುಡಿ ಯಾರಿಂದ ಬರೆಸಬೇಕು?

ಕತೆ ಓದಿದವರಿಂದ. ದೊಡ್ಡ ಹೆಸರು ಅಂತ ಹೋದರೆ ಆರು ತಿಂಗಳು ಕಾಯಿಸಿ, ನಿಮ್ಮ ಪುಸ್ತಕದ ಒಂದು ಕತೆಯ ಹೆಸರೂ ಇಲ್ಲದ ಮೂರು ಪುಟ ಬರುತ್ತದೆ. ಮುನ್ನುಡಿ ಇಲ್ಲದೆಯೂ ಪುಸ್ತಕ ಬರಬಹುದು. ಕಾನೂನೇನಿಲ್ಲ.

ಬಿಡುಗಡೆ ಸಮಾರಂಭ ಯಾವಾಗ ಇಟ್ಟರೆ ಒಳ್ಳೆಯದು?

ನವೆಂಬರಿನಿಂದ ಫೆಬ್ರುವರಿ ಒಳಗೆ. ಎಳ್ಳಮವಾಸ್ಯೆ ದಿನ ಬೇಡ, ಊರೆಲ್ಲ ಹೊಲದಲ್ಲಿ ಭಜ್ಜಿ ರೊಟ್ಟಿ ಉಣ್ಣುತ್ತಿರುತ್ತದೆ. ಏಪ್ರಿಲ್, ಮೇನಲ್ಲಿ ಇಡಲೇಬೇಕಾದರೆ ಸಂಜೆ ಆರರ ಮೇಲೆ ಇಡಿ. ಭಾಷಣಕ್ಕೆ ಮೂವರು ಸಾಕು. ಲೇಖಕರು ಒಂದು ಕತೆ ಓದಲಿ, ಇಡೀ ಕಾರ್ಯಕ್ರಮದಲ್ಲಿ ಜನ ನೆನಪಿಟ್ಟುಕೊಳ್ಳುವುದು ಅದೊಂದೇ. ಪುಸ್ತಕದ ಟೇಬಲ್ಲನ್ನು ಚಹಾದ ಪಕ್ಕದಲ್ಲಿ ಹಾಕಿ, ಚಿಲ್ಲರೆ ಮತ್ತು ಫೋನ್‌ಪೇ ಸ್ಕ್ಯಾನರ್ ಎರಡೂ ಇರಲಿ.